ನಾಟಕಕ್ಕೆ ಮುಂಚೆ ಎಲ್ಲಿ ಉಣ್ಣೋಣ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾಟಕದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾವು ಹೊಟ್ಟೆಯಿಂದ ಶುರು ಮಾಡ್ತೀವಿ. ನಮ್ಮ ಹುಡುಗರು ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲು ಹತ್ತದೆ ಇರೋದಕ್ಕೆ ಟಿಕೆಟ್ಟಿನ ದುಡ್ಡಿಗಿಂತ ದೊಡ್ಡ ಕಾರಣ ರಾತ್ರಿ ಊಟ. ನಾಟಕ ಮುಗಿಸಿ, ಬಸ್ಸು ಹಿಡಿದು ಬರೋ ಹೊತ್ತಿಗೆ ಹಾಸ್ಟೆಲ್ಲಿನ ಅಡಿಗೆಮನೆಗೆ ಬೀಗ ಬಿದ್ದಿರುತ್ತೆ, ಪಾತ್ರೆ ಬೋರಲು ಹಾಕಿರ್ತಾರೆ. ಇದ್ದ ಊಟ ಬಿಟ್ಟು, ಕೈಯಿಂದ ದುಡ್ಡು ಹಾಕಿ ಇನ್ನೊಂದು ಊಟ ಕೊಳ್ಳಬೇಕು. ಮನೆಯಲ್ಲಿ ತಿಂಡಿ ಮುಗಿಸಿಕೊಂಡು ಬರೋರಿಗೆ ಈ ಲೆಕ್ಕ ಗೊತ್ತಿಲ್ಲ.

ಇನ್ನೊಂದು ಲೆಕ್ಕವನ್ನು ನಾವು ಬಾಯಿಬಿಟ್ಟು ಹೇಳೋದಿಲ್ಲ. ಐದಾರು ಜನ ಹೋಟೆಲ್ ಮುಂದೆ ನಿಲ್ತೀವಿ. ಗಾಜಿನ ಬಾಗಿಲು, ಹೂವು ಮುಡಿಸಿದ ದೇವರ ಪಟ, ಗಲ್ಲಾದಲ್ಲಿ ಯಜಮಾನ. ಒಳಗೆ ಬರಬೇಡಿ ಅಂತ ಯಾರೂ ಅಂದಿಲ್ಲ. ಆದರೂ ಕಾಲು ತಡೆಯುತ್ತೆ. ಊರಿನ ಟೀ ಅಂಗಡಿಯ ಹೊರಗೆ, ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ ತೆಗೆದುಕೊಂಡು, ಕುಡಿದು, ತಾನೇ ತೊಳೆದಿಟ್ಟು ಬಂದ ಅಪ್ಪನ ಕಾಲು ಅದು. 'ಹಸಿವಿಲ್ಲ ಕಣೋ' ಅಂತ ಒಬ್ಬ ಹೇಳ್ತಾನೆ. ಎಲ್ಲರಿಗೂ ಹಸಿವಿರುತ್ತೆ.

ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತೆಗೆದು ನೋಡಿ. ಅಂಗಡಿ, ಉಪಾಹಾರ ಗೃಹ, ಹೋಟೆಲ್, ಸಾರ್ವಜನಿಕ ಮನರಂಜನೆಯ ಸ್ಥಳ, ಇವಿಷ್ಟೂ ಒಂದೇ ಉಸಿರಿನಲ್ಲಿ ಬರುತ್ತವೆ. ಇಡ್ಲಿ ತಿನ್ನೋ ಜಾಗ, ನಾಟಕ ನೋಡೋ ಜಾಗ ಅಲ್ಲಿ ಒಂದೇ ಸಾಲಿನಲ್ಲಿ ಕೂತಿವೆ. 1955ರ ಕಾಯ್ದೆ, ಅಂದರೆ 1976ರ ತಿದ್ದುಪಡಿಯಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಪಡೆದದ್ದು, ತನ್ನ 4ನೇ ಸೆಕ್ಷನ್ನಿನಲ್ಲಿ ಲೋಟ ತಟ್ಟೆಯವರೆಗೂ ಇಳಿದಿದೆ. ಅಸ್ಪೃಶ್ಯತೆಯ ಹೆಸರಲ್ಲಿ ಹೋಟೆಲಿನ ಪಾತ್ರೆ ಮುಟ್ಟಬೇಡ ಅಂದರೆ ಒಂದರಿಂದ ಆರು ತಿಂಗಳು ಜೈಲು, ಮೇಲೆ ದಂಡ. ಸೆಕ್ಷನ್ ನಂಬರು ಬರೆದಿಟ್ಟುಕೊಳ್ಳಿ, ಊರಿಗೆ ಹೋದಾಗ ಬೇಕಾಗುತ್ತೆ.

ಕಾನೂನಿನ ಹಾಳೆ ತಾನಾಗೇ ಬಾಗಿಲು ತೆರೆಯೋದಿಲ್ಲ, ಅದೂ ನಿಜ. ಸಂವಿಧಾನ ಬಂದು ಏಳು ವರ್ಷ ಆದಮೇಲೂ, 1957ರಲ್ಲಿ, ಮದ್ರಾಸಿನ ಹೋಟೆಲ್ ಬೋರ್ಡಿನಿಂದ 'ಬ್ರಾಹ್ಮಣಾಳ್' ಅನ್ನೋ ಪದ ಅಳಿಸೋಕೆ ಪೆರಿಯಾರ್ ಕಡೆಯವರು ಬೀದಿಗೆ ಇಳಿಯಬೇಕಾಯಿತು.

ಮಿಲಿಟ್ರಿ ಹೋಟೆಲ್ ವಿಚಾರವೂ ಇದೆ. ಕಾಲೇಜಿನ ಮೇಲ್ಜಾತಿ ಗೆಳೆಯರು ಜೊತೆಗಿದ್ದರೆ ನಮ್ಮವರು ಕೆಲವರು 'ನಂಗೂ ಇಡ್ಲೀನೇ ಇಷ್ಟ' ಅಂತಾರೆ. ಇಡ್ಲಿ ಇಷ್ಟ ಇದ್ದರೆ ತಿನ್ನಿ, ಇಡ್ಲಿ ಜೊತೆ ನಮಗೇನೂ ಜಗಳ ಇಲ್ಲ. ಮುದ್ದೆ, ಬೋಟಿ ಗೊಜ್ಜು ಬೇಕು ಅನ್ನಿಸಿದರೆ ಹಾಗಂತ ಹೇಳಿ, ಅವರನ್ನೂ ಕರೀರಿ. ಬರದಿದ್ದರೆ ಬಿಡಿ, ಒಳಗೆ ಸಿಗ್ತಾರಲ್ಲ. ಮೂರು ಮುದ್ದೆ ಹೊಡೆದು ಮೊದಲನೇ ದೃಶ್ಯಕ್ಕೇ ಗೊರಕೆ ಹೊಡೆದರೆ ಮಾತ್ರ ನಾವು ಜವಾಬ್ದಾರರಲ್ಲ. ಹೊತ್ತೂ ನೋಡಿಕೊಳ್ಳಿ. ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆ, ತಡವಾದವರನ್ನು ಒಳಗೆ ಬಿಡೋದಿಲ್ಲ. ಎಲ್ಲ ಜಾತಿಗೂ ಒಂದೇ ಥರ ಮುಚ್ಚೋ ಬಾಗಿಲು ಅದು, ಅದರ ಮೇಲೆ ನಮಗೆ ತಕರಾರಿಲ್ಲ.

ಹಸಿದುಕೊಂಡು ಮಾತ್ರ ನಾಟಕಕ್ಕೆ ಹೋಗಬೇಡಿ. ದೇವನೂರ ಮಹಾದೇವ ಅವರ 'ಒಡಲಾಳ' ರಂಗಕ್ಕೆ ಬಂದಾಗ ಉಮಾಶ್ರೀ ಸಾಕವ್ವ ಆಗಿದ್ದರು. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ರಾತ್ರಿ ತಿಂದು ಮುಗಿಸೋ ಕಥೆ. ಅಂಥ ನಾಟಕವನ್ನು ಉಂಡು ಬಂದವರು ನೋಡಿ ಕಣ್ಣು ಒರೆಸಿಕೊಳ್ಳಬೇಕು, ಸಾಕವ್ವನ ಮೊಮ್ಮಕ್ಕಳು ಹಾಸ್ಟೆಲ್ಲಿನಲ್ಲಿ ಊಟದ ಗಂಟೆ ಕಾಯ್ತಾ ಕೂತಿರಬೇಕಾ?

ಅದಕ್ಕೇ ಒಂದು ಅರ್ಜಿ ಬರೆದು ತಂದಿದ್ದೀವಿ. ನಾಟಕಕ್ಕೆ ಹೋಗೋರು ಬೆಳಿಗ್ಗೆಯೇ ಹೆಸರು ಕೊಟ್ಟರೆ, ಸಂಜೆ ಐದೂವರೆಗೆ ಊಟ ಹಾಕಬೇಕು, ಇಲ್ಲವೇ ತಟ್ಟೆಯಲ್ಲಿ ಎತ್ತಿಡಬೇಕು. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಗೇಟು ಹಾಕೋ ಹೊತ್ತಿನ ಮಾತೂ ಸೇರಬೇಕು, ಅದನ್ನು ತಾವೇ ಬರೀತೀವಿ ಅಂದಿದ್ದಾರೆ. ಇರೋದು ಎರಡೇ ಪೆನ್ನು. ಒಬ್ಬರಾದ ಮೇಲೆ ಒಬ್ಬರು ಬಂದು ರುಜು ಹಾಕಿ.