ಇಂಗ್ಲೆಂಡಿನ ಗೇಣಿಮನೆ: ಹಕ್ಕನ್ನು ಅವಧಿಯೊಳಗೆ ಕೇಳೋಣ

(ಕುಟುಂಬ ಸಭೆಯೊಂದರಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ನಮ್ಮ ಹಲವು ಕುಟುಂಬಗಳ ಮಕ್ಕಳು ಇಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಅವರು ಅಲ್ಲಿ ಫ್ಲ್ಯಾಟ್ ಖರೀದಿಸುವಾಗ ಊರಿನ ತಂದೆ-ತಾಯಿ ತಮ್ಮ ಉಳಿತಾಯವನ್ನು ಸೇರಿಸಿ ಕೊಡುವುದೂ ಉಂಟು. ಮಗನಿಗೆ ಲಂಡನ್ನಿನಲ್ಲಿ ಸ್ವಂತ ಮನೆಯಾಯಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಆ 'ಸ್ವಂತ' ಎಂಬ ಪದದ ಅರ್ಥವೇನೆಂದು ನಾವು ವಿಚಾರಿಸುತ್ತೇವೆಯೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟುಗಳು ಬಹುತೇಕ ಲೀಸ್‌ಹೋಲ್ಡ್ ಆಗಿರುತ್ತವೆ. ಕೊಂಡವನಿಗೆ ದೊರೆಯುವುದು 99 ಅಥವಾ 125 ವರ್ಷಗಳಂತಹ ನಿಶ್ಚಿತ ಅವಧಿಯ ಗೇಣಿ ಹಕ್ಕು ಮಾತ್ರ. ನೆಲ ಮತ್ತು ಕಟ್ಟಡದ ಒಡೆತನ ಫ್ರೀಹೋಲ್ಡರ್ ಎಂಬ ಇನ್ನೊಬ್ಬನ ಕೈಯಲ್ಲಿರುತ್ತದೆ. ನಮ್ಮ ಕರಾವಳಿಯವರಿಗೆ ಮೂಲಗೇಣಿಯ ಪರಿಚಯವಿದೆ. ಮೂಲಗೇಣಿ ಶಾಶ್ವತವಾದುದು, ತಲೆಮಾರಿನಿಂದ ತಲೆಮಾರಿಗೆ ಸಾಗುವಂತಹುದು. ಇಂಗ್ಲೆಂಡಿನ ಲೀಸ್ ಹಾಗಲ್ಲ. ಅದು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅವಧಿ ತೀರಿದ ದಿನ ಒಡೆತನ ಫ್ರೀಹೋಲ್ಡರನಿಗೆ ಮರಳುತ್ತದೆ. ಅವಧಿ ಕಡಿಮೆಯಾದಂತೆ ಮನೆಯ ಬೆಲೆಯೂ ಇಳಿಯುತ್ತದೆ, ಸಾಲ ಕೊಡುವ ಸಂಸ್ಥೆಗಳೂ ಹಿಂಜರಿಯುತ್ತವೆ.

ಇದು ಜಮೀನ್ದಾರಿ ಕಾಲದ ಪಳೆಯುಳಿಕೆ ಎಂಬುದರಲ್ಲಿ ಸಂದೇಹವಿಲ್ಲ. ಇದರ ವಿರುದ್ಧ ಅಲ್ಲಿಯ ಜನರು ದೀರ್ಘಕಾಲ ಹೋರಾಡಿದ್ದಾರೆ. 1967ರ ಕಾಯ್ದೆಯು ಬಿಡಿಮನೆಗಳ ದೀರ್ಘಾವಧಿ ಗೇಣಿದಾರರಿಗೆ ಫ್ರೀಹೋಲ್ಡನ್ನು ಕೊಳ್ಳುವ ಹಕ್ಕನ್ನು ನೀಡಿತು. ಲಂಡನ್ನಿನ ಬೆಲ್‌ಗ್ರೇವಿಯಾ ಪ್ರದೇಶದಲ್ಲಿ ಅಪಾರ ಆಸ್ತಿಯುಳ್ಳ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಮನೆತನದ ಟ್ರಸ್ಟಿಗಳು ಅದನ್ನು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸಾಮಾಜಿಕ ಅನ್ಯಾಯವನ್ನು ನಿವಾರಿಸುವುದು ಸಾರ್ವಜನಿಕ ಹಿತಾಸಕ್ತಿಯೇ ಆಗಿದೆಯೆಂದು 1986ರಲ್ಲಿ ಆ ನ್ಯಾಯಾಲಯವು ಕಾಯ್ದೆಯನ್ನು ಎತ್ತಿಹಿಡಿಯಿತು. ಫ್ಲ್ಯಾಟಿನವರ ಸರದಿ ಬಂದುದು 1993ರಲ್ಲಿ. ಆ ಕಾಯ್ದೆಯನ್ನು ವಿರೋಧಿಸಿ ಅಂದಿನ ಡ್ಯೂಕ್ ಕನ್ಸರ್ವೇಟಿವ್ ಪಕ್ಷವನ್ನೇ ತ್ಯಜಿಸಿದರು.

1993ರ ಕಾಯ್ದೆಯು ಎರಡು ದಾರಿಗಳನ್ನು ತೆರೆಯಿತು. ಮೊದಲನೆಯದು, ಉಳಿದ ಅವಧಿಗೆ ಇನ್ನೂ 90 ವರ್ಷಗಳನ್ನು ಸೇರಿಸಿಕೊಳ್ಳುವುದು. ಅದರ ಬಳಿಕ ನೆಲಬಾಡಿಗೆ ಒಂದು ಕರಿಮೆಣಸಿನ ಕಾಳು! ಅಂದರೆ ಏನೂ ಇಲ್ಲ ಎಂಬುದಕ್ಕೆ ಇಂಗ್ಲಿಷ್ ಕಾನೂನು ಬಳಸುವ ಮಾತದು. ಎರಡನೆಯದು, ಕಟ್ಟಡದ ನಿವಾಸಿಗಳು ಒಟ್ಟಾಗಿ ಫ್ರೀಹೋಲ್ಡನ್ನೇ ಖರೀದಿಸುವುದು. ಇದಕ್ಕೆ ಕನಿಷ್ಠ ಅರ್ಧದಷ್ಟು ಫ್ಲ್ಯಾಟುಗಳವರು ಕೈಜೋಡಿಸಬೇಕು. ಎರಡೇ ಫ್ಲ್ಯಾಟುಗಳಿದ್ದರೆ ಇಬ್ಬರೂ ಬೇಕು.

ಆದರೆ ಇಲ್ಲಿ 80 ವರ್ಷಗಳೆಂಬ ಒಂದು ಗೆರೆಯಿದೆ. ಉಳಿದ ಅವಧಿ 80 ವರ್ಷಕ್ಕಿಂತ ಕಡಿಮೆಯಾದರೆ, ಅವಧಿ ವಿಸ್ತರಣೆಯಿಂದ ಹೆಚ್ಚುವ ಮೌಲ್ಯದ ಅರ್ಧವನ್ನು ಫ್ರೀಹೋಲ್ಡರನಿಗೆ ತೆರಬೇಕು. ಇದಕ್ಕೆ 'ಮ್ಯಾರೇಜ್ ವ್ಯಾಲ್ಯೂ' ಎಂದು ಹೆಸರು. ಹೆಸರಿಗೆ ಮದುವೆ, ವರದಕ್ಷಿಣೆ ತೆರುವವನು ಮಾತ್ರ ಗೇಣಿದಾರನೊಬ್ಬನೇ. ಲೆಕ್ಕಾಚಾರ ನಡೆಯುವುದು ನೋಟೀಸು ನೀಡಿದ ದಿನದ ಆಧಾರದಲ್ಲಿ. ಆದುದರಿಂದ 81ನೇ ವರ್ಷದಲ್ಲಿ ನೋಟೀಸು ಕೊಟ್ಟವನಿಗೂ 79ನೇ ವರ್ಷದಲ್ಲಿ ಕೊಟ್ಟವನಿಗೂ ಅಜಗಜಾಂತರವಿದೆ.

2024ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹೊಸ ಕಾಯ್ದೆಯನ್ನು ಅಂಗೀಕರಿಸಿತು. 90 ವರ್ಷಗಳ ಬದಲು 990 ವರ್ಷ, ಮ್ಯಾರೇಜ್ ವ್ಯಾಲ್ಯೂವಿನ ರದ್ದತಿ ಅದರಲ್ಲಿ ಸೇರಿವೆ. ಎರಡು ವರ್ಷ ಒಡೆತನ ಹೊಂದಿದ ಬಳಿಕವೇ ನೋಟೀಸು ಕೊಡಬೇಕೆಂಬ ನಿಬಂಧನೆ 2025ರ ಜನವರಿ 31ರಿಂದ ಇಲ್ಲವಾಯಿತು. ಫ್ರೀಹೋಲ್ಡ್ ಒಡೆಯರು ಈ ಬಾರಿಯೂ ನ್ಯಾಯಾಲಯಕ್ಕೆ ಹೋದರು. ಅವರ ಅರ್ಜಿಯನ್ನು ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಆದರೆ ಕಾಯ್ದೆಯ ಎಲ್ಲ ಕಲಮುಗಳೂ ಒಮ್ಮೆಲೇ ಜಾರಿಗೆ ಬರಲಿಲ್ಲ. ಅಂಗೀಕಾರವಾದ ಕಾನೂನು ಬೇರೆ, ಜಾರಿಯಾದ ಕಾನೂನು ಬೇರೆ.

ಹಾಗಾದರೆ ಕಾಯಬೇಕೇ? ಅವಧಿ ಧಾರಾಳವಾಗಿರುವವರು ಕಾಯಬಹುದು. ಆದರೆ 81-82 ವರ್ಷ ಉಳಿದಿರುವವರು ಪತ್ರಿಕೆಯ ಶೀರ್ಷಿಕೆಯನ್ನು ನಂಬಿ ಸುಮ್ಮನೆ ಕುಳಿತುಕೊಳ್ಳುವುದು ಅಪಾಯಕಾರಿ. ಅವರು ಈ ವಿಷಯದಲ್ಲಿ ಅನುಭವವುಳ್ಳ ವಕೀಲರು ಮತ್ತು ಮೌಲ್ಯಮಾಪಕರ ಬಳಿ, "ಈ ಕಲಮು ಇಂದು ಜಾರಿಯಲ್ಲಿದೆಯೇ?" ಎಂದು ಕೇಳಿಯೇ ನಿರ್ಧರಿಸಬೇಕು. ನೋಟೀಸು ಕೊಟ್ಟ ಮೇಲೂ ನಿದ್ರಿಸಬಾರದು. 1993ರ ಕಾಯ್ದೆಯ ಪ್ರಕಾರ, ಒಡೆಯನ ಉತ್ತರ ಬಂದ ಬಳಿಕ ದರ ಕುದುರದಿದ್ದರೆ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ತಪ್ಪಿದರೆ ನೋಟೀಸು ಬಿದ್ದುಹೋಗುತ್ತದೆ, ಹನ್ನೆರಡು ತಿಂಗಳವರೆಗೆ ಇನ್ನೊಂದನ್ನು ಕೊಡುವಂತಿಲ್ಲ.

ಇದನ್ನು ನಾವು ನಮ್ಮ ಅನುಭವದ ಬೆಳಕಿನಲ್ಲಿ ನೋಡೋಣ. ಕರ್ನಾಟಕದ 1974ರ ಭೂಸುಧಾರಣೆಯು ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು ಎನ್ನುತ್ತೇವೆ. ವಾಸ್ತವದಲ್ಲಿ ಒಡೆಯನಾದುದು ಯಾರು? ಅವಧಿಯೊಳಗೆ ಏಳನೇ ನಮೂನೆಯ ಡಿಕ್ಲರೇಶನ್ ಸಲ್ಲಿಸಿದವನು. ಉಳುತ್ತಿದ್ದರೂ ಅರ್ಜಿ ಕೊಡದವನ ಹಕ್ಕು ಕಾಗದದಲ್ಲೇ ಉಳಿಯಿತು. ಕಾನೂನು ಬಾಗಿಲನ್ನು ತೆರೆದಿಡುತ್ತದೆ, ಕೈಹಿಡಿದು ಒಳಗೆ ಕರೆದೊಯ್ಯುವುದಿಲ್ಲ.

ಫ್ರೀಹೋಲ್ಡ್ ಖರೀದಿಯಲ್ಲಿ ಇನ್ನೊಂದು ಪಾಠವೂ ಇದೆ. ಅದು ಒಬ್ಬನಿಂದ ಆಗುವ ಕೆಲಸವಲ್ಲ. ಮೇಲ್ಮಹಡಿಯ ಆಂಗ್ಲ ವೃದ್ಧೆ, ಪಕ್ಕದ ಗುಜರಾತಿ ವ್ಯಾಪಾರಿ, ಕೆಳಗಿನ ಪೋಲೆಂಡಿನ ಕಾರ್ಮಿಕ, ಇವರೆಲ್ಲರ ವಿಶ್ವಾಸವನ್ನು ಗಳಿಸಿರಬೇಕು. ನೆರೆಯವರಿಗೆ ಸಲಾಮು ಹೇಳದೆ ಬಾಗಿಲು ಹಾಕಿಕೊಂಡು ಬದುಕುವವನಿಗೆ ಈ ಹಕ್ಕು ದಕ್ಕದು. ಖರೀದಿಯಾದ ಬಳಿಕ ಮಾಡಿನ ದುರಸ್ತಿ, ವಿಮೆ, ಲೆಕ್ಕಪತ್ರಗಳ ಹೊಣೆಯೂ ಅವರದೇ. ಒಡೆತನವೆಂದರೆ ಹೊಣೆಗಾರಿಕೆ ಎಂಬುದನ್ನು ಮರೆಯುವಂತಿಲ್ಲ.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಇನ್ನು ಮುಂದೆ ಮಗನೋ ಮಗಳೋ ಫ್ಲ್ಯಾಟಿನ ಚಿತ್ರ ಕಳುಹಿಸಿದಾಗ, ಅಡುಗೆಮನೆ ಎಷ್ಟು ದೊಡ್ಡದೆಂದು ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ: ಲೀಸ್‌ನಲ್ಲಿ ಎಷ್ಟು ವರ್ಷ ಉಳಿದಿದೆ? ನೆಲಬಾಡಿಗೆ ಎಷ್ಟು, ಅದು ಏರುತ್ತದೆಯೇ? ಫ್ರೀಹೋಲ್ಡ್ ಯಾರ ಕೈಯಲ್ಲಿದೆ? ಈ ಮೂರಕ್ಕೆ ಲಿಖಿತ ಉತ್ತರ ಸಿಗುವವರೆಗೆ ಹಣ ಕಳುಹಿಸಬೇಡಿರಿ.