ನಾವಿಕನು ಅಧಿಕಾರಿಯಾಗುವ ದಾರಿ

(ಘಾಟಬೋರಾಳದಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಈ ಮಾತಿಗೆ ಕಾರಣರಾದ ಹಿರಿಯರೊಬ್ಬರು ಸಭೆಯಲ್ಲಿಯೇ ಕುಳಿತಿದ್ದಾರೆ. ಹೆಸರು ಹೇಳಬಾರದು ಎಂದು ಮೊದಲೇ ತಾಕೀತು ಮಾಡಿದ್ದಾರೆ. ತಿಂಗಳ ಹಿಂದೆ ಹುಮನಾಬಾದಿನ ಅಡತಿ ಅಂಗಡಿಯೊಂದರ ಮುಂದೆ ತೊಗರಿ ತೂಕಕ್ಕೆ ಕಾಯುತ್ತಿದ್ದಾಗ ನನ್ನನ್ನು ಕರೆದು, ‘ತಮ್ಮಾ, ನೀ ಪೇಪರಿನಾಂವ ಇದ್ದಿ, ಒಂದು ಮಾತು ಹೇಳು. ನಮ್ಮ ಹುಡುಗ ನೇವಿಯೊಳಗ ಅದಾನ. ಈಗ ಕಮಿಷನ್ನಿಗೆ ಅರ್ಜಿ ಹಾಕ್ಯಾನಂತ. ಸರ್ಕಾರಿ ನೌಕರಿ ಬಿಟ್ಟು ಕಮಿಷನ್ ಧಂದೆ ಯಾಕ ಬೇಕು ಅವಗ?’ ಎಂದು ಕೇಳಿದರು.

ತಪ್ಪು ಅವರದಲ್ಲ. ನಮ್ಮ ಕಡೆ ಕಮಿಷನ್ ಎಂದರೆ ಅಡತಿಯವನು ನೂರಕ್ಕೆ ಇಷ್ಟು ಎಂದು ಹಿಡಿದುಕೊಳ್ಳುವ ದುಡ್ಡು. ಮಗ ಫೋನಿನಲ್ಲಿ ಯೋಜನೆಯ ಹೆಸರನ್ನೂ ಹೇಳಿದ್ದನಂತೆ, ‘ಕಮಿಷನ್ ವರ್ದಿ’ ಎಂದು. ವರ್ದಿ ಎಂದರೆ ಬೀದರ ಜಿಲ್ಲೆಯ ಚಿಕ್ಕ ಮಗುವಿಗೂ ಗೊತ್ತು, ಪೊಲೀಸರು ತೊಡುವ ಸಮವಸ್ತ್ರ. ‘ವರ್ದಿ ಅಂತೂ ಈಗಾಗಲೇ ಕೊಟ್ಟಾರಲ್ಲ, ಮತ್ತ್ಯಾಕ ಅರ್ಜಿ?’ ಎಂಬುದು ಕಾಕಾನ ಎರಡನೆಯ ಪ್ರಶ್ನೆ. ಹುಡುಗ ಹೇಳಿದ್ದು ಇಂಗ್ಲಿಷಿನ ‘ವರ್ದಿ’, ಅಂದರೆ ಅರ್ಹ. ಕಮಿಷನ್ನಿಗೆ ಅರ್ಹರಾದ ನಾವಿಕರನ್ನು ಆರಿಸಿ ಅಧಿಕಾರಿಗಳನ್ನಾಗಿ ಮಾಡುವ ನೌಕಾಪಡೆಯ ಯೋಜನೆ ಅದು.

ಸಮುದ್ರ ನಮಗೆ ದೂರದ ಮಾತು. ಈ ಊರಲ್ಲಿ ತಲೆಯೆತ್ತಿದರೆ ಬೀದರ ವಾಯುನೆಲೆಯ ತರಬೇತಿ ವಿಮಾನ ಕಾಣುತ್ತದೆ. ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ಹೀಗಾಗಿ ವಾಯುಪಡೆಯ ಬಗ್ಗೆ ನಮ್ಮ ಹುಡುಗರಿಗೆ ನಾಲ್ಕು ಮಾತು ಗೊತ್ತು. ಹಡಗಿನ ಬಗ್ಗೆ ಹೇಳುವವರಿಲ್ಲ.

ಕಮಿಷನ್ ಎಂದರೆ ಸೇನೆಯ ಭಾಷೆಯಲ್ಲಿ ಒಂದು ಸನ್ನದು. ‘ನಿನ್ನ ಮೇಲೆ ನಂಬಿಕೆಯಿಟ್ಟು ನಿನ್ನನ್ನು ಅಧಿಕಾರಿಯಾಗಿ ನೇಮಿಸಿದ್ದೇನೆ’ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರಡುವ ನೇಮಕ ಪತ್ರ. ಈ ಪತ್ರ ಇದ್ದವರು ಮತ್ತು ಇಲ್ಲದವರು ಎಂದು ಪ್ರತಿ ಹಡಗಿನಲ್ಲೂ ಎರಡು ಜಗತ್ತುಗಳಿರುತ್ತವೆ. ಊಟದ ಮನೆ ಬೇರೆ, ಮಲಗುವ ಜಾಗ ಬೇರೆ. ನಾವಿಕನಾಗಿ ಸೇರಿದವನು ಲೀಡಿಂಗ್ ಸೀಮನ್, ಪೆಟ್ಟಿ ಆಫೀಸರ್, ಚೀಫ್ ಪೆಟ್ಟಿ ಆಫೀಸರ್ ಎಂದು ಏರುತ್ತಾ ಮಾಸ್ಟರ್ ಚೀಫ್ ಪೆಟ್ಟಿ ಆಫೀಸರ್ ಆಗಬಹುದು. ಹೆಸರಿನಲ್ಲಿ ‘ಆಫೀಸರ್’ ಇದೆ. ಆದರೂ ಆತ ನಾವಿಕನೇ. ಇಪ್ಪತ್ತೈದು ವರ್ಷ ಉಪ್ಪುನೀರು ಕಂಡ ಆತ, ನಿನ್ನೆ ತರಬೇತಿ ಮುಗಿಸಿ ಬಂದ ಇಪ್ಪತ್ತೆರಡರ ಸಬ್ ಲೆಫ್ಟಿನೆಂಟನಿಗೆ ಸೆಲ್ಯೂಟ್ ಹೊಡೆಯುತ್ತಾನೆ.

ಈ ಗೆರೆಯನ್ನು ಎಳೆದವರು ಬ್ರಿಟಿಷರು. ಜಮಾದಾರ, ಸುಬೇದಾರ ಎಂಬ ಪದಗಳು ನಮ್ಮ ಮನೆಮಾತಿನಲ್ಲಿ ಬೆರೆತುಹೋಗಿವೆ. ಬ್ರಿಟಿಷರ ಭೂಸೇನೆಯಲ್ಲಿ ಅವು ಭಾರತೀಯ ಸಿಪಾಯಿ ಏರಬಹುದಾಗಿದ್ದ ತುತ್ತತುದಿಯ ಮೆಟ್ಟಿಲುಗಳು. ಅವರಿಗೂ ಕಮಿಷನ್ ಇತ್ತು, ಆದರೆ ಅದು ವೈಸರಾಯರದು. ಬಿಳಿಯ ಅಧಿಕಾರಿಗೆ ಇದ್ದದ್ದು ರಾಜನ ಕಮಿಷನ್. ಎಂಥ ಹಿರಿಯ ಸುಬೇದಾರ ಮೇಜರನೂ ಹೊಸದಾಗಿ ಬಂದ ಇಂಗ್ಲಿಷ್ ಹುಡುಗನ ಕೆಳಗೇ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಈ ಬಾಗಿಲು ಸ್ವಲ್ಪ ತೆರೆಯಿತು. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಿಂದ 1919ರಲ್ಲಿ ಹೊರಬಂದ ಭಾರತೀಯ ಯುವಕರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪ ಒಬ್ಬರು. 1949ರ ಜನವರಿ 15ರಂದು ಅವರೇ ದಂಡನಾಯಕರಾದರು.

ನೌಕಾಪಡೆ ಇನ್ನೂ ನಿಧಾನ. ಅಲ್ಲಿ ಮೊದಲ ಭಾರತೀಯನಿಗೆ, ಇಂಜಿನಿಯರ್ ಡಿ. ಎನ್. ಮುಖರ್ಜಿಯವರಿಗೆ, ಕಮಿಷನ್ ಸಿಕ್ಕಿದ್ದು 1928ರಲ್ಲಿ. ಸ್ವಾತಂತ್ರ್ಯ ಬಂದು ಹನ್ನೊಂದನೆಯ ವರ್ಷದವರೆಗೂ ನೌಕಾಪಡೆಯ ಮುಖ್ಯಸ್ಥರು ಬ್ರಿಟಿಷರೇ ಆಗಿದ್ದರು. 1958ರ ಏಪ್ರಿಲ್ 22ರಂದು ರಾಮದಾಸ್ ಕಟಾರಿ ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ.

ಈ ಎರಡು ವರ್ಷಗಳ ನಡುವೆ ಬರುವ 1946ರ ಫೆಬ್ರುವರಿಯ ಕಥೆಯನ್ನು ಶಾಲೆಯ ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ. ಮುಂಬಯಿಯ ಕೊಲಾಬಾದಲ್ಲಿ ‘ತಲವಾರ್’ ಎಂಬ ನೌಕಾನೆಲೆ ಇತ್ತು. ಅದು ಸಂದೇಶ ರವಾನೆ ಕಲಿಸುವ ಶಾಲೆ. ತಂತಿ, ಸಂಕೇತ, ಇಂಗ್ಲಿಷು ಬರದಿದ್ದರೆ ಅಲ್ಲಿ ಕೆಲಸವಿಲ್ಲ. ಅಂದರೆ ಅಲ್ಲಿದ್ದ ನಾವಿಕರು ಓದಿಕೊಂಡ ಹುಡುಗರು. ಯುದ್ಧಕಾಲದಲ್ಲಿ ಭರ್ತಿ ಮಾಡುವವರು ಬಣ್ಣಬಣ್ಣದ ಮಾತಾಡಿ ಕರೆತಂದಿದ್ದರು. ಬಂದು ನೋಡಿದರೆ ಊಟ ಕೆಟ್ಟದ್ದು, ಸಂಬಳ ಬಿಳಿಯ ನಾವಿಕನಿಗಿಂತ ಕಡಿಮೆ, ಮೇಲಿಂದ ಜಾತಿ ಜನಾಂಗ ಹಿಡಿದು ಬೈಗುಳ. ಬೈದವನು ನೆಲೆಯ ಮುಖ್ಯಸ್ಥ ಕಮಾಂಡರ್ ಕಿಂಗ್. ಗೋಡೆಯ ಮೇಲೆ ‘ಕ್ವಿಟ್ ಇಂಡಿಯಾ’ ಬರೆದ ಬಿ. ಸಿ. ದತ್ತರನ್ನು ಮೊದಲೇ ಹಿಡಿದಿದ್ದರು. ಫೆಬ್ರುವರಿ 18ರಂದು ನಾವಿಕರು ಊಟ ಬಿಟ್ಟು ಕೆಲಸವನ್ನೂ ಬಿಟ್ಟರು. ಸುದ್ದಿಯನ್ನು ಹಡಗಿನಿಂದ ಹಡಗಿಗೆ ಮುಟ್ಟಿಸುವುದು ಅವರ ವೃತ್ತಿಯೇ ಅಲ್ಲವೇ! ಮುಷ್ಕರ ಕರಾಚಿ, ಕಲ್ಕತ್ತೆ, ಕೊಚ್ಚಿಗೆ ಹರಡಿತು. 78 ಹಡಗುಗಳು, 20 ನೆಲೆಗಳು, 20,000 ನಾವಿಕರು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಎಂ. ಎಸ್. ಖಾನ್ ಮತ್ತು ಮದನ್ ಸಿಂಗ್ ಮುಷ್ಕರ ಸಮಿತಿಯ ಮುಂದಾಳುಗಳು. ಸರ್ದಾರ್ ಪಟೇಲರ ಮಾತಿಗೆ ಒಪ್ಪಿ 23ರಂದು ಶರಣಾದರು. ಮುಂಬಯಿಯ ಬೀದಿಗಳಲ್ಲಿ ಅಷ್ಟರಲ್ಲಿ ನೂರಾರು ಜನ ಗುಂಡಿಗೆ ಬಲಿಯಾಗಿದ್ದರು.

ಇದು ಬರಿಯ ಅನ್ನದ ಜಗಳ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಬಲ್ಲವನಿಗೆ ಮೇಲೇರುವ ಮೆಟ್ಟಿಲಿಲ್ಲ, ಮೇಲಿದ್ದವನಿಗೆ ಅವನ ಬಗ್ಗೆ ಗೌರವವಿಲ್ಲ. ಅನ್ನ ಅದಕ್ಕೆ ಕಿಡಿ ತಾಗಿಸಿತು ಅಷ್ಟೇ. ನ್ಯಾಯಮೂರ್ತಿ ಫಜಲ್ ಅಲಿಯವರ ವಿಚಾರಣಾ ಆಯೋಗದ ಮುಂದೆ ಈ ತಾರತಮ್ಯದ ದೂರುಗಳು ಬಂದವು. ವಿಚಿತ್ರವೆಂದರೆ, ವಜಾ ಆದ ನಾವಿಕರನ್ನು ಸ್ವತಂತ್ರ ಭಾರತವೂ ಮರಳಿ ಕರೆಯಲಿಲ್ಲ. ಎಷ್ಟೋ ಕಾಲದ ನಂತರ ದತ್ ಮತ್ತು ಮದನ್ ಸಿಂಗ್ ಅವರ ಹೆಸರನ್ನು ನೌಕಾಪಡೆಯ ಎರಡು ಹಡಗುಗಳಿಗೆ ಇಟ್ಟರು. ಬದುಕಿನಲ್ಲಿ ಕೊಡದ ಜಾಗವನ್ನು ಹಡಗಿನ ಮೈಮೇಲೆ ಕೊಟ್ಟಂತಾಯಿತು.

ಈಗ ಕಾಕಾನ ಮಗನ ಅರ್ಜಿಗೆ ಬರೋಣ. ಇಂದು ನಾವಿಕ ಗೆರೆ ದಾಟಲು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಕೊನೆಯದನ್ನು ಮೊದಲು ಹೇಳುತ್ತೇನೆ. ನಿವೃತ್ತಿ ಹತ್ತಿರವಾದ ಹಿರಿಯ ನಾವಿಕರಲ್ಲಿ ಆಯ್ದವರಿಗೆ ಗಣರಾಜ್ಯ ದಿನ ಮತ್ತು ಸ್ವಾತಂತ್ರ್ಯ ದಿನದಂದು ಗೌರವ ಕಮಿಷನ್ ಕೊಡುತ್ತಾರೆ. ಅದು ದುಡಿದವರಿಗೆ ಸನ್ಮಾನ. ಎರಡನೆಯದು ‘ಸ್ಪೆಷಲ್ ಡ್ಯೂಟೀಸ್’ ಎಂಬ ಪಟ್ಟಿ. ತನ್ನ ವಿಭಾಗದಲ್ಲಿ ವರ್ಷಗಟ್ಟಲೆ ಪಳಗಿದವನು ಪರೀಕ್ಷೆ ಪಾಸಾಗಿ ಅದೇ ಕೆಲಸದಲ್ಲಿ ಅಧಿಕಾರಿಯಾಗುವ ದಾರಿ. ಯಂತ್ರದ ಸದ್ದು ಕೇಳಿಯೇ ರೋಗ ಹೇಳಬಲ್ಲವರು ಇಲ್ಲಿರುತ್ತಾರೆ. ಆದರೆ ಹೊತ್ತಾಗಿ ಬಂದವರು, ಬಹಳ ಮೇಲಕ್ಕೆ ಹೋಗುವಷ್ಟು ಸೇವೆ ಉಳಿದಿರುವುದಿಲ್ಲ.

ಹುಡುಗ ತಟ್ಟುತ್ತಿರುವುದು ಉಳಿದ ಬಾಗಿಲನ್ನು, ಆ ‘ವರ್ದಿ’ಯದನ್ನು. ಇದು ಬಡ್ತಿಯಲ್ಲ, ಹೊಸ ಆಯ್ಕೆ. ಸೇವೆಯಲ್ಲಿರುವ ಎಳೆಯ ನಾವಿಕ ತನ್ನ ಹಡಗಿನ ಮುಖ್ಯಸ್ಥರ ಶಿಫಾರಸು ಪಡೆದು, ನಡತೆಯ ದಾಖಲೆ ಶುಭ್ರವಾಗಿಟ್ಟುಕೊಂಡು, ಹೊರಗಿನಿಂದ ಬರುವ ಪದವೀಧರರು ಎದುರಿಸುವಂಥದೇ ಆಯ್ಕೆ ಮಂಡಳಿಯ ಮುಂದೆ ನಿಲ್ಲಬೇಕು. ಗೆದ್ದರೆ ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿಯಲ್ಲಿ ತರಬೇತಿ. ಮುಂದೆ ಆತನಿಗೂ ಉಳಿದ ಅಧಿಕಾರಿಗಳಿಗೂ ಒಂದೇ ಊಟದ ಮೇಜು.

ಆಯ್ಕೆ ಮಂಡಳಿ ಎಂದರೆ ಐದು ದಿನಗಳ ಪರೀಕ್ಷೆ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಅಧಿಕಾರಿಗಳು ಸಾಲದೆ ಹೋದಾಗ, ಯಾವ ಶಾಲೆ, ಯಾರ ಮಗ ಎಂದು ಕೇಳಿ ಆರಿಸುವ ಹಳೆಯ ಕ್ರಮ ಬಿಟ್ಟು ಮನಶ್ಶಾಸ್ತ್ರಜ್ಞರನ್ನು ಕೂರಿಸಿ 1942ರಲ್ಲಿ ಇಂಥ ಮಂಡಳಿಗಳನ್ನು ಮಾಡಿದರು. ಮರುವರ್ಷ ಡೆಹರಾಡೂನಿನಲ್ಲಿ ಅದರ ಪ್ರಯೋಗ ನಡೆಯಿತು. ಮೊದಲ ದಿನ ಜರಡಿ ಹಿಡಿಯುತ್ತಾರೆ. ಉಳಿದವರಿಗೆ ಮನಸ್ಸಿನ ಪರೀಕ್ಷೆ: ಅರ್ಧ ನಿಮಿಷ ಒಂದು ಚಿತ್ರ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆ ಎನ್ನುತ್ತಾರೆ, ಹೀಗೆ ಹನ್ನೊಂದು ಚಿತ್ರ. ಹನ್ನೆರಡನೆಯದು ಖಾಲಿ. ಅರವತ್ತು ಪದ ತೋರಿಸುತ್ತಾರೆ, ಪದಕ್ಕೆ ಹದಿನೈದು ಸೆಕೆಂಡು, ಅಷ್ಟರಲ್ಲಿ ಒಂದು ವಾಕ್ಯ. ಆಮೇಲೆ ಮೈದಾನ. ಹಲಗೆ, ಹಗ್ಗ, ಬಾನಿಗಳನ್ನು ಕೊಟ್ಟು, ನೆಲ ಮುಟ್ಟದೆ ಇಡೀ ಗುಂಪು ಭಾರ ಹೊತ್ತು ಆಚೆ ದಾಟಿ ಎನ್ನುತ್ತಾರೆ. ಕೆಸರಲ್ಲಿ ಹೂತ ಕಬ್ಬಿನ ಬಂಡಿಯನ್ನು ನಾಲ್ಕು ಜನ ಕೂಡಿ ಎತ್ತಿದ ಹುಡುಗನಿಗೆ ಇದು ಹೊಸದಲ್ಲ.

ನಾನೂ ಒಮ್ಮೆ ಹೋಗಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಡಿಪ್ಲೊಮಾ ಮುಗಿಸುವ ಮೊದಲಿನ ಮಾತು. ಮಸುಕು ಚಿತ್ರವೊಂದನ್ನು ನೋಡಿ ಒಳ್ಳೆಯ ಕಥೆಯನ್ನೇ ಬರೆದೆ. ನಂತರ ಗುಂಪಿನಲ್ಲಿ ಅದನ್ನು ಹೇಳಿ ಚರ್ಚಿಸಬೇಕು. ಹತ್ತು ಹದಿನೈದು ಮಂದಿ ಒಮ್ಮೆಲೇ ಇಂಗ್ಲಿಷಿನಲ್ಲಿ ಬಾಯಿ ಹಾಕಿದರು. ನಾನು ಮನಸ್ಸಿನಲ್ಲಿ ಕನ್ನಡ ವಾಕ್ಯ ಕಟ್ಟಿ ಅದನ್ನು ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ಚರ್ಚೆ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದಲ್ಲಿದ್ದೆ. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ನನ್ನಲ್ಲಿ ನಾಯಕತ್ವ ಇತ್ತೋ ಇಲ್ಲವೋ, ಅದು ಹೊರಬರಬೇಕಾದ ಬಾಗಿಲಲ್ಲೇ ಭಾಷೆ ಅಡ್ಡ ನಿಂತಿತ್ತು.

ನಾವಿಕನಿಗೆ ಇಂಗ್ಲಿಷು ನನ್ನಷ್ಟು ಕಷ್ಟವಾಗದಿರಬಹುದು, ಹಡಗಿನಲ್ಲಿ ಕಿವಿಗೆ ಬಿದ್ದಿರುತ್ತದೆ. ಅವನ ತೊಡಕು ಬೇರೆ. ವರ್ಷಗಟ್ಟಲೆ ಹೇಳಿದ್ದನ್ನು ಹೇಳಿದಂತೆ ಮಾಡುವುದನ್ನು ಮೈಗೂಡಿಸಿರುತ್ತಾರೆ. ಅದಕ್ಕಾಗಿಯೇ ಅವನಿಗೆ ಒಳ್ಳೆಯ ಹೆಸರು ಬಂದಿರುತ್ತದೆ, ಆ ಹೆಸರಿನ ಮೇಲೆಯೇ ಶಿಫಾರಸು. ಮಂಡಳಿಯ ಮುಂದೆ ನಿಂತ ದಿನ ಇದ್ದಕ್ಕಿದ್ದಂತೆ ‘ನಿನ್ನ ಅಭಿಪ್ರಾಯವೇನು? ನೀನಾದರೆ ಏನು ಆಜ್ಞೆ ಕೊಡುತ್ತಿದ್ದೆ?’ ಎಂದು ಕೇಳುತ್ತಾರೆ. ವಿಧೇಯತೆಗೆ ಸಿಕ್ಕ ಬಹುಮಾನದಿಂದ ಅಲ್ಲಿಗೆ ಬಂದವನು ವಿಧೇಯತೆಯನ್ನು ಬದಿಗಿಟ್ಟು ಮಾತಾಡಬೇಕು. ಹಡಗಿನ ಅನುಭವ ಇದ್ದವನೇ ಕಾಲೇಜಿನಿಂದ ನೇರ ಬಂದವನ ಮುಂದೆ ಮಂಕಾಗಿ ಕಾಣಬಹುದಾದ ಜಾಗ ಇದೇ. ಅರ್ಜಿ ಹಾಕುವವರು ದೇಹದಾರ್ಢ್ಯಕ್ಕಿಂತ ಹೆಚ್ಚಾಗಿ ಈ ಒಂದು ಅಭ್ಯಾಸಕ್ಕೆ ತಯಾರಾಗಬೇಕು ಎಂಬುದು ನನ್ನ ಅನಿಸಿಕೆ.

ಈ ಕಷ್ಟ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಭೂಗೋಳದ ಪಾಠದಲ್ಲಿ ಬರುವ ಜೇಮ್ಸ್ ಕುಕ್ ಕೃಷಿ ಕಾರ್ಮಿಕನ ಮಗ. 1755ರಲ್ಲಿ ಸಾಮಾನ್ಯ ನಾವಿಕನಾಗಿ ಬ್ರಿಟಿಷ್ ನೌಕಾಪಡೆ ಸೇರಿದ. ಕೆನಡದ ಕರಾವಳಿಯ ನಕ್ಷೆಗಳನ್ನು ಬರೆದು ಹೆಸರು ಮಾಡಿದ ಮೇಲೂ ಲೆಫ್ಟಿನೆಂಟ್ ಎಂಬ ಕಮಿಷನ್ ಸಿಕ್ಕಿದ್ದು 1768ರಲ್ಲಿ, ‘ಎಂಡೆವರ್’ ಹಡಗನ್ನು ಅವನ ಕೈಗೆ ಕೊಡಬೇಕಾಗಿ ಬಂದಾಗ. ಅಮೆರಿಕದಲ್ಲಿ ಜೆರೆಮಿ ಬೂರ್ಡಾ ಎಂಬಾತ ವಯಸ್ಸು ಸುಳ್ಳು ಹೇಳಿ 1956ರಲ್ಲಿ ನಾವಿಕನಾಗಿ ಸೇರಿ, 1962ರಲ್ಲಿ ಅಧಿಕಾರಿಯಾಗಿ, 1994ರಲ್ಲಿ ಇಡೀ ನೌಕಾಪಡೆಯ ಮುಖ್ಯಸ್ಥನೇ ಆದ. ನಾವಿಕ ದರ್ಜೆಯಿಂದ ಆ ಸ್ಥಾನಕ್ಕೇರಿದವರಲ್ಲಿ ಆತನೇ ಮೊದಲಿಗ.

ಇಲ್ಲಿ ಕುಳಿತ ಹುಡುಗರಿಗೆ, ಹುಡುಗಿಯರಿಗೂ, ಒಂದು ಮಾತು. 2022ರಿಂದ ನಾವಿಕರ ಭರ್ತಿ ಅಗ್ನಿಪಥದ ಮೂಲಕ. ನಾಲ್ಕು ವರ್ಷ ಸೇವೆ, ನಂತರ ಉಳಿಸಿಕೊಳ್ಳುವುದು ನೂರಕ್ಕೆ 25ರವರೆಗೆ. ಒಡಿಶಾದ ಚಿಲ್ಕಾದಿಂದ 2023ರ ಮಾರ್ಚಿನಲ್ಲಿ ಹೊರಬಂದ ಮೊದಲ ತಂಡದಲ್ಲಿ 270ಕ್ಕೂ ಹೆಚ್ಚು ಯುವತಿಯರಿದ್ದರು. ಹಿಂದಿನಂತೆ ಹತ್ತು ಹದಿನೈದು ವರ್ಷ ಕೈಯಲ್ಲಿದೆ ಎಂದು ಕೂರುವ ಕಾಲ ಇದಲ್ಲ. ಈ ಬಾಗಿಲುಗಳಿಗೆ ವಯಸ್ಸಿನ ಮಿತಿ ಇದೆ, ನಿಯಮಗಳು ಆಗಾಗ ಬದಲಾಗುತ್ತವೆ. ಸೂಚನಾಫಲಕದ ಆದೇಶವನ್ನು ಓದುವ ಚಟ ಬೆಳೆಸಿಕೊಳ್ಳಿ. ಅಧಿಕಾರಿಯೇ ಆಗಬೇಕೆಂಬ ಆಸೆ ಇದ್ದರೆ ಹನ್ನೆರಡನೆಯ ತರಗತಿಯಲ್ಲೇ ಎನ್‌ಡಿಎ ಪರೀಕ್ಷೆ ಬರೆಯಿರಿ. ನಾವಿಕನಾಗಿ ಸೇರಿ ಆಮೇಲೆ ನೋಡೋಣ ಎಂಬುದು ಸುತ್ತು ಹಾದಿ. ಮನೆಯ ಕಷ್ಟಕ್ಕೆ ಸುತ್ತು ಹಾದಿಯನ್ನೇ ಹಿಡಿಯಬೇಕಾದವರು ನಮ್ಮಲ್ಲಿ ಹೆಚ್ಚು, ಅದೂ ನನಗೆ ಗೊತ್ತು.

ಅಡತಿ ಅಂಗಡಿಯ ಮುಂದೆ ಇದನ್ನೆಲ್ಲ ಕಾಕಾನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಆರಿಸಲಿಲ್ಲ ಅಂದರ ಇದ್ದ ನೌಕರಿಗೆ ಧಕ್ಕೆ ಏನಾರ?’ ಇಲ್ಲ. ತನ್ನ ಹಡಗಿಗೆ ಮರಳುತ್ತಾನೆ, ಅದೇ ದರ್ಜೆ, ಅದೇ ಸಂಬಳ. ನಾಲ್ಕು ಗೆಳೆಯರು ಚುಡಾಯಿಸಬಹುದು. ‘ನಗಲಿ ಬಿಡು’ ಎಂದರು ಕಾಕಾ. ಆರಿಸಿದರೆ ಏನಾಗುತ್ತದೆ ಎಂದು ನಾನಾಗಿಯೇ ಹೇಳಿದೆ: ತರಬೇತಿ ಮುಗಿದ ದಿನ ಏಳಿಮಲದಲ್ಲಿ ಕವಾಯತು ಇರುತ್ತದೆ. ಅದಾದ ಮೇಲೆ ಹೊಸ ಅಧಿಕಾರಿಯ ಭುಜಪಟ್ಟಿಯ ಮುಸುಕನ್ನು ತಂದೆತಾಯಿಯೇ ತಮ್ಮ ಕೈಯಾರೆ ತೆಗೆಯುವ ಸಂಪ್ರದಾಯವಿದೆ.

ಅವರು ಸ್ವಲ್ಪ ಹೊತ್ತು ತೊಗರಿ ಚೀಲದ ಹೊಲಿಗೆಯನ್ನೇ ನೋಡುತ್ತಿದ್ದರು. ಆಮೇಲೆ, ಹುಮನಾಬಾದಿನಿಂದ ಆ ಊರಿಗೆ ರೈಲು ಇದೆಯೇ ಎಂದು ಕೇಳಿದರು. ನೇರ ಇಲ್ಲ, ಕಲಬುರಗಿಗೆ ಹೋಗಿ ಬದಲಿಸಬೇಕು, ಇಳಿಯುವ ನಿಲ್ದಾಣ ಪಯ್ಯನ್ನೂರು ಎಂದೆ. ಆ ಹೆಸರನ್ನು ಅಡತಿಯ ಚೀಟಿಯ ಹಿಂದೆ ಬರೆಸಿಕೊಂಡು ಕಿಸೆಯಲ್ಲಿಟ್ಟುಕೊಂಡರು.