ಪಕ್ಕದ ಸೀಟಿನ ಅಕ್ಕ

ನಮ್ಮ ಭೀಮಾ ತೀರದ ಊರುಗಳಲ್ಲಿ ಮಂಗಳವಾರ, ಶುಕ್ರವಾರ ಎಲ್ಲಮ್ಮನ ಜಗ, ಅಂದರೆ ದೇವಿಯ ಮೂರ್ತಿಯ ಬುಟ್ಟಿ, ಹೊತ್ತ ಜೋಗವ್ವ ಬಾಗಿಲಿಗೆ ಬಂದರೆ ಯಾರೂ ಬರಿಗೈಲಿ ಕಳಿಸುವುದಿಲ್ಲ. ಮನೆಯೊಡತಿ ಜೋಳ ತಂದು ಪಡಲಗಿಗೆ ಹಾಕುತ್ತಾಳೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ, ಕಾಲಿಗೆ ಬೀಳುತ್ತಾಳೆ. ಗಂಡುಮಗನೆಂದು ತೊಟ್ಟಿಲಲ್ಲಿ ಹೆಸರಿಟ್ಟು ಬೆಳೆಸಿದ ಜೀವ ಅದು ಎಂದು ಊರಿಗೆಲ್ಲ ಗೊತ್ತಿದ್ದರೂ ‘ಯವ್ವಾ’ ಎಂದೇ ಮಾತಾಡಿಸುತ್ತಾರೆ. ಅದೇ ಜೋಗವ್ವ ಜಗ ಇಳಿಸಿಟ್ಟು, ಸಾದಾ ಸೀರೆಯುಟ್ಟು ಸಂತೆಗೆ ಹೊರಟರೆ ನಮ್ಮ ಕಣ್ಣು ಬದಲಾಗುತ್ತದೆ. ಯಾಕೆ ಹೀಗೆ ಎಂದು ಈ ವಾರವೆಲ್ಲ ಯೋಚಿಸುತ್ತಿದ್ದೇನೆ.

ಯೋಚನೆ ಹತ್ತಿದ್ದು ದೇವಣಗಾಂವದಿಂದ ಸಿಂದಗಿಗೆ ಹೊರಟ ಬಸ್ಸಿನಲ್ಲಿ. ಹಸಿರು ಸೀರೆಯುಟ್ಟ ಒಬ್ಬರು ಹತ್ತಿದರು. ಊರ ಹೆಸರು ಹೇಳಿದಾಗ ದನಿ ದಪ್ಪಗಿತ್ತು. ಹಿಂದಿನ ಸೀಟಿನ ಹುಡುಗರು ಕಿಸಕ್ಕನೆ ನಕ್ಕರು. 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಂತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾರಿಗೆ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಆದರೆ ಕರ್ನಾಟಕದವರೆಂದು ಕಾರ್ಡು ತೋರಿಸಬೇಕು. ಆಕೆ ಪರ್ಸಿನಿಂದ ಆಧಾರ್ ತೆಗೆದರು, ಕೊಡಲು ಹಿಂಜರಿದರು. ಅದರಲ್ಲಿ ಹಳೆಯ ಹೆಸರು, ಹಳೆಯ ಫೋಟೊ ಇದ್ದಿರಬೇಕು. ಕಂಡಕ್ಟರ್ ಹರೆಯದ ಹುಡುಗ. ವಿಳಾಸದ ಕಡೆ ಕಣ್ಣಾಡಿಸಿ, ‘ಊರು ನಮ್ದ ಐತ್ರಿ, ಸಾಕು ಅಕ್ಕಾರ’ ಎಂದು ಶೂನ್ಯದ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಕಿಟಕಿಯ ಬದಿಯ ಮುದುಕಿ ಸರಿದು ಕೂತು ‘ಬಾರವ್ವಾ’ ಎಂದಳು. ತನ್ನ ಗಂಟು ಬಿಚ್ಚಿಕೊಂಡದ್ದು ಕಂಡು, ‘ಈ ಕೂಸಿನ್ನ ಒಂದೀಟು ಹಿಡಕೋ’ ಎಂದು ಮೊಮ್ಮಗಳನ್ನು ಆಕೆಯ ತೊಡೆಯ ಮೇಲೆ ಕೂರಿಸಿದಳು. ಕೂಸು ಬಳೆ ಎಣಿಸುತ್ತಾ ಕೂತಿತು. ಹುಡುಗರ ನಗೆ ತಾನಾಗಿ ನಿಂತಿತು.

ಮುದುಕಿ ಏನೂ ವಿಚಾರ ಮಾಡಲಿಲ್ಲ ಎಂಬುದೇ ನನಗೆ ದೊಡ್ಡದೆನಿಸುತ್ತದೆ. ದೇವರೆಂದು ಕೈಮುಗಿದರೆ ನಾವು ಕೆಳಗೆ, ಅವರು ಮೇಲೆ. ನಡುವೆ ಒಂದು ದೂರ ಉಳಿದೇಬಿಡುತ್ತದೆ. ಪೂಜೆ ಮುಗಿದ ಮೇಲೆ ಆ ದೂರ ಇಟ್ಟುಕೊಂಡೇ ನಗುತ್ತೇವೆ, ಬೈಯುತ್ತೇವೆ. ಕೂಸು ಕೊಡುವ ಕೈಗೆ ಆ ದೂರ ಇಲ್ಲ.

ಆ ದೂರ ಅಳಿಸಿದ ಇನ್ನೊಬ್ಬ ಜೋಗವ್ವ ನೆನಪಾಗುತ್ತಾರೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಮನೆ ಬಿಟ್ಟು, ಬೀದಿಯಲ್ಲಿ ಭಿಕ್ಷೆ ಬೇಡಿ, ಜೋಗತಿ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್ 9ರಂದು ಪದ್ಮಶ್ರೀ ಪಡೆಯಲು ರಾಷ್ಟ್ರಪತಿಯ ಎದುರು ನಿಂತಾಗ ಅವರು ಮೊದಲು ಮಾಡಿದ್ದು ಸೆರಗು ನಿವಾಳಿಸಿ ದೃಷ್ಟಿ ತೆಗೆದದ್ದು. ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಹಿಂದೆ ಸರಿಯಲಿಲ್ಲ. ನಗುತ್ತ ಕೈಮುಗಿದು ನಿಂತರು. ಆ ಚಿತ್ರ ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಪದಕಕ್ಕಿಂತ ಆ ಸೆರಗೇ ಕಣ್ಣಲ್ಲಿ ನಿಲ್ಲುತ್ತದೆ. ದೃಷ್ಟಿ ತೆಗೆಯುವವರು ಯಾರು? ತಾಯಿ, ಅಜ್ಜಿ, ಅಕ್ಕ. ದೇಶದ ಮೊದಲ ಪ್ರಜೆಗೆ ಆಕೆ ಆ ಹೊತ್ತಿಗೆ ಅಕ್ಕನಾದರು, ಅವರು ಆಗಗೊಟ್ಟರು.

ತನ್ನ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಹೇಳಿದೆ. ತೀರ್ಪು ಬೇಕು, ಕಾರ್ಡೂ ಬೇಕು. ಆದರೆ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಎಷ್ಟೋ ಮಂದಿಯನ್ನು ಹೆತ್ತ ಮನೆಯೇ ಹೊರಗೆ ಕಳಿಸಿರುತ್ತದೆ. ಒಡಹುಟ್ಟಿದವರು ಕರೆಯದ ‘ಅಕ್ಕ’ ಎಂಬ ಕರೆ ಅಪರಿಚಿತನ ಬಾಯಿಂದ ಬಂದಾಗ ಅದು ಎಲ್ಲಿ ಹೋಗಿ ತಾಗುತ್ತದೆ ಎಂಬುದನ್ನು ನಾವು ಅಳೆಯಲಾರೆವು.

ಇವರನ್ನು ಹೇಗೆ ಮಾತಾಡಿಸಬೇಕೋ ತಿಳಿಯದು ಎನ್ನುವ ಹಿರಿಯರಿದ್ದಾರೆ. ಎದುರಿನವರು ಉಟ್ಟ ಸೀರೆ ನೋಡಿರಿ, ಹೇಳಿದ ಹೆಸರು ಕೇಳಿರಿ, ಅಷ್ಟೇ. ಆ ನಗುವ ಹುಡುಗರ ತಂದೆತಾಯಿಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಆ ನಗೆ ಮನೆಯಲ್ಲೇ ಕಲಿತದ್ದು, ಮನೆಯಲ್ಲೇ ಬಿಡಿಸಬೇಕು. ಭಾರತ ಹುಣ್ಣಿಮೆ ಬಂದರೆ ಎಲ್ಲಮ್ಮನ ಜಾತ್ರೆಗೆ ಸವದತ್ತಿಯ ಬಸ್ಸುಗಳು ತುಂಬುತ್ತವೆ. ಜಗ ಹೊತ್ತವರೂ ಹತ್ತುತ್ತಾರೆ, ಬರಿಗೈಲಿ ಬರುವವರೂ ಹತ್ತುತ್ತಾರೆ. ಇಬ್ಬರಿಗೂ ಕೂಡಲು ಜಾಗ ಬೇಕು.